ಎಡದ್ದು ತಾಲ್ಲೂಕು ಮಟ್ಟ, ಬಲದ್ದು ಅಂತರರಾಷ್ಟ್ರೀಯ

ಬಂದ್ರಾ? ಕೂಡ್ರಿ. ಪಕ್ಕದ ಓಣಿಯ ಗೌರಕ್ಕ ಕತೆ ಹೇಳಿದರೆ ಹುರಿದ ಶೇಂಗಾ ಕಟ್ಟಿಕೊಂಡು ಹೋಗ್ತೀರಿ. ನನ್ನ ಹತ್ತಿರ ಬರುವಾಗ ಬರೀ ಆಕಳಿಕೆ ತರ್ತೀರಿ. ಇರಲಿ ಬಿಡಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಅವಳ ಕತೆಯಲ್ಲಿ ಆನೆ ಬರ್ತದೆ ತಾನೇ? ನನ್ನ ಕತೆಯಲ್ಲಿ ಆನೆಗಿಂತ ದೊಡ್ಡ ಚಪ್ಪಲಿ ಬರ್ತದೆ. ಕೇಳ್ರಿ.

ಒಂದಾನೊಂದು ಊರಿನಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ ಇದ್ದರು. ಗಂಡ ಯಲಗೂರಪ್ಪ, ಹೆಂಡತಿ ತುಳಜವ್ವ. ಚಪ್ಪಲಿ ಹೊಲಿಯೋದು ಅವರ ಕಸುಬು. ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಎಡಗಾಲಿನ ಚಪ್ಪಲಿ ಗಂಡ ಹೊಲೀಬೇಕು, ಬಲಗಾಲಿನದು ಹೆಂಡತಿ ಹೊಲೀಬೇಕು. ಯಾಕೆ ಅಂತ ನನ್ನ ಕೇಳಬೇಡಿ. ಅವರ ಅಜ್ಜಂದಿರೂ ಕೇಳಿರಲಿಲ್ಲ. ಮದುವೆಯಾಗದ ಗಂಡಸರು ಬರೀ ಎಡದ್ದು ಹೊಲಿದು ಕೊಕ್ಕರೆಗಳಿಗೆ ಮಾರ್ತಿದ್ದರು.

ಸಂಜೆಯಾದರೆ ಯಲಗೂರಪ್ಪ, ತುಳಜವ್ವ ಎದುರುಬದುರು ಕೂರೋರು. ಎರಡೂ ಚಪ್ಪಲಿಯನ್ನ ಎಣ್ಣೆಯಲ್ಲಿ ನೆನೆಸೋರು. ಅಡಿಯ ಅಟ್ಟೆಗೆ ಅಟ್ಟೆ ಬಡಿದು ಒಂದೇ ದಾರದಲ್ಲಿ ಕಟ್ಟೋರು. ಆಗಲೇ ಅದು ಜೊತೆ. ಬೇರೆಯವರ ಹೊಸ ಚಪ್ಪಲಿ ಕಿರ್ ಅಂತಿದ್ದವು, ಇವರವು ಮಾತಾಡ್ತಿದ್ದವು. ಹೆಜ್ಜೆ ಇಟ್ಟರೆ ಎಡದ್ದು 'ನಡಿ' ಅನ್ನೋದು, ಬಲದ್ದು 'ಬಂದೆ' ಅನ್ನೋದು. ನಡಿ, ಬಂದೆ. ನಡಿ, ಬಂದೆ. ಹಾಕಿಕೊಂಡವರಿಗೆ ದಾರಿ ಸವೆದದ್ದೇ ತಿಳೀತಿರಲಿಲ್ಲ.

ಆ ದೇಶದ ರಾಜ ಅಂಗುಷ್ಠರಾಯ. ಅವನಿಗೆ ಇದ್ದದ್ದು ಒಂದೇ ಕಾಯಿಲೆ, ಹೊಟ್ಟೆಕಿಚ್ಚು. ಪಕ್ಕದ ರಾಜನ ಮಾವಿನ ಮರದಲ್ಲಿ ಇರುವೆ ಜಾಸ್ತಿ ಅಂತ ಕೇಳಿದರೆ ತನ್ನ ಮರಕ್ಕೆಲ್ಲ ಬೆಲ್ಲ ಬಳಿಸೋನು. ಪಕ್ಕದ ರಾಣಿಗೆ ಹಲ್ಲುನೋವು ಅಂದರೆ ತನ್ನ ರಾಣಿಗೆ ಯಾಕಿಲ್ಲ ಅಂತ ವೈದ್ಯರನ್ನ ಬೈಯೋನು. ಹೀಗಿರುವಾಗ ಒಂದು ದಿನ ಸುದ್ದಿ ಬಂತು. ಪಕ್ಕದ ರಾಜ್ಯದ ಚಪ್ಪಲಿಗಳು ಹಡಗು ಹತ್ತಿ ಏಳು ಸಮುದ್ರ ದಾಟಿದವಂತೆ. ಅವು ಅಂತರರಾಷ್ಟ್ರೀಯ ಗುಣಮಟ್ಟದವಂತೆ. ರಾಜನಿಗೆ ಅನ್ನ ಸೇರಲಿಲ್ಲ. ಮಜ್ಜಿಗೆ ಕುಡಿದರೆ ಹೊಟ್ಟೆಯೊಳಗೆ ಕೊತಕೊತ ಕುದಿಯಿತು.

"ಮಂತ್ರೀ, ಈ ಅಂತರರಾಷ್ಟ್ರೀಯ ಗುಣಮಟ್ಟ ಅಂದರೇನು?"

"ಗೊತ್ತಿಲ್ಲ ಮಹಾಪ್ರಭು. ನಮ್ಮಲ್ಲಿ ಇಲ್ಲದ್ದು ಅಂತ ಕಾಣ್ತದೆ."

"ಅವರ ಹತ್ತಿರ ಇದೆಯಾ?"

"ಇದೆಯಂತೆ."

"ಅಯ್ಯೋ! ಹಾಗಾದರೆ ಇವತ್ತೇ ನಮ್ಮಲ್ಲೂ ಆಗಬೇಕು!"

ಆಯ್ತು. ಸರ್ಕಾರ ಯೋಜನೆ ಮಾಡಿತು, ಡಂಗುರ ಹೊಡೆಸಿತು. ಗುಣಮಟ್ಟದಲ್ಲಿ ಮುಂದಿದ್ದವರಿಗೆ ಶಾಲು. ಹಿಂದಿದ್ದವರಿಗೆ ನೆರವು. ಹುಣ್ಣಿಮೆಗೆ ಹಡಗು ಬರ್ತದೆ, ಅದಕ್ಕೆ ಒಂದು ಜೊತೆ ಹತ್ತಲೇಬೇಕು. ಹತ್ತದಿದ್ದರೆ ಹೊಲಿದ ಗಂಡನನ್ನ ಮೂಡಲಿಗೆ, ಹೆಂಡತಿಯನ್ನ ಪಡುವಲಿಗೆ ಅಟ್ಟಬೇಕು, ಮತ್ತೆ ಅವರು ಒಬ್ಬರ ಮುಖ ಒಬ್ಬರು ನೋಡಕೂಡದು. ಜೊತೆಗಿದ್ದೂ ಜೊತೆ ಮಾಡಲಾರದವರು ಜೊತೆಗೆ ಯಾಕಿರಬೇಕು? ರಾಜನ ನ್ಯಾಯ ನೋಡ್ರಿ, ಎಷ್ಟು ನೆಟ್ಟಗಿದೆ.

ಚಪ್ಪಲಿ ಅಳೆಯೋಕೆ ಅಳತೆ ಸಾಹೇಬ ಬಂದ. ಕೊರಳಲ್ಲಿ ಟೇಪು, ಮುಖದಲ್ಲಿ ಗಂಟು. ಮೊದಲ ಮನೆಯೇ ಯಲಗೂರಪ್ಪನದು. ಸಾಹೇಬ ಎಡದ್ದನ್ನ ಮೂಸಿದ. ಬಲದ್ದನ್ನ ನೆಕ್ಕಿದ. ಆಮೇಲೆ ಎರಡಕ್ಕೂ ಮಗ್ಗಿ ಕೇಳಿದ, "ಏಳೆಂಟಲ ಎಷ್ಟು?" ಎಡದ್ದು ಸುಮ್ಮನಿತ್ತು. ಬಲದ್ದೂ ಸುಮ್ಮನಿತ್ತು. ಆದರೆ ಬಲದ್ದು ಯೋಚನೆ ಮಾಡಿ ಸುಮ್ಮನಿತ್ತು.

"ಬಲದ್ದು ಅಂತರರಾಷ್ಟ್ರೀಯ," ಅಂದ ಸಾಹೇಬ. "ಎಡದ್ದು ತಾಲ್ಲೂಕು ಮಟ್ಟ."

"ಸಾಹೇಬ್ರ, ಎರಡೂ ಒಂದ ಎಮ್ಮೀ ಚರ್ಮರೀ!" ಅಂದ ಯಲಗೂರಪ್ಪ.

"ಎಮ್ಮೆಗೂ ಎಡ ಬಲ ಇರ್ತದಪ್ಪ," ಅಂದ ಸಾಹೇಬ.

ತುಳಜವ್ವನಿಗೆ ಶಾಲು ಹೊದಿಸಿದರು. ಯಲಗೂರಪ್ಪನಿಗೆ ನೆರವು ಬಂತು, ಗಾಡಿ ತುಂಬುವಂಥ ಹೊಲಿಗೆ ಯಂತ್ರ. ಅವಳ ಶಾಲು ನೋಡಿ ಅವನ ಹೊಟ್ಟೆ ಉರಿಯಿತು. ಅವನ ಯಂತ್ರ ನೋಡಿ ಅವಳ ಹೊಟ್ಟೆ ಉರಿಯಿತು.

"ಛಲೋ ಹೊಲಿದಾಕಿಗೆ ಒಂದ್ ತುಂಡು ಅರಿವಿ, ಕೆಟ್ಟ ಹೊಲಿದವರಿಗೆ ಯಂತ್ರ! ಇದ್ಯಾವ ನ್ಯಾಯರೀ?" ಅಂದಳು ತುಳಜವ್ವ.

"ಯಂತ್ರ ಹೊದ್ಕೊಂಡು ಓಣ್ಯಾಗ ತಿರಗಾಕ ಬರ್ತೈತೇನ?" ಅಂದ ಯಲಗೂರಪ್ಪ. "ನೀ ಶಾಲು ಹೊದ್ಕೊಂಡು ಮುಂಜಾನಿಂದ ತಿರಗಾಕತ್ತೀ. ನೀರಿಗೆ ಹೋಗಾಕೂ ಶಾಲು!"

ಯಂತ್ರ ಇದ್ದಮೇಲೆ ಕೇಳಬೇಕೇ? ಅವನ ಎಡದ್ದು ಫಳಫಳ ಹೊಳೆಯಿತು. ಸಾಹೇಬ ಮತ್ತೆ ಬಂದ, ಮತ್ತೆ ಮೂಸಿದ, ಮತ್ತೆ ನೆಕ್ಕಿದ. "ಎಡದ್ದು ಅಂತರರಾಷ್ಟ್ರೀಯ. ಬಲದ್ದು ಹೋಬಳಿ ಮಟ್ಟ." ಶಾಲು ಅವನ ಹೆಗಲಿಗೆ ಹೋಯಿತು. ಅವಳಿಗೆ ಇನ್ನೂ ದೊಡ್ಡ ಯಂತ್ರ ಬಂತು. ಜೊತೆಗೆ ತರಬೇತಿ ಕೊಡೋಕೆ ಒಬ್ಬ ಮಾಸ್ತರನೂ ಬಂದ. ಅವನಿಗೆ ಚಪ್ಪಲಿ ಹೊಲಿಯೋಕೆ ಬರ್ತಿರಲಿಲ್ಲ, ತರಬೇತಿ ಕೊಡೋಕೆ ಮಾತ್ರ ಬರ್ತಿತ್ತು.

"ಇಕೀಗೆ ಮಾಸ್ತರ ಬ್ಯಾರೆ!" ಅಂತ ಯಲಗೂರಪ್ಪ ಹಲ್ಲು ಕಡಿದ. ಕಡಿದವನು ಎಡದ್ದರ ಹಿಮ್ಮಡಿಯನ್ನ ಎತ್ತರ ಮಾಡಿದ. ಅವಳು ಬಲದ್ದಕ್ಕೆ ಮೆಟ್ಟಿಲು ಕಟ್ಟಿದಳು. ಅವನು ಎಡದ್ದಕ್ಕೆ ಕಿಟಕಿ ಇಟ್ಟ. ಅವಳು ಬಲದ್ದಕ್ಕೆ ಕಟ್ಟೆ ಕಟ್ಟಿ ತುಳಸಿ ನೆಟ್ಟಳು. ಹಿಂದಿದ್ದವರಿಗೆ ನೆರವು ಬರೋದು. ನೆರವು ಬಂದವರು ಮುಂದೆ ಹೋಗೋರು. ಮುಂದಿದ್ದವರು ಹಿಂದಾಗೋರು. ಹಿಂದಾದವರಿಗೆ ಮತ್ತೆ ನೆರವು. ಚಪ್ಪಲಿಗಳು ಮನೆಯಲ್ಲಿ ಹಿಡಿಸದೆ ಓಣಿಗೆ ಬಂದವು. ಅವುಗಳ ನೆರಳಿಗೆ ಓಣಿಯ ಕೋಳಿಗಳು ಸಂಜೆಯಾಯ್ತು ಅಂತ ಮಧ್ಯಾಹ್ನವೇ ಗೂಡು ಸೇರಿದವು.

ಏ, ಯಾರದು ಅಲ್ಲಿ ನಕ್ಕದ್ದು? ಗೌರಕ್ಕನ ಕತೆಗೆ ಹೀಗೆ ನಗ್ತೀರಾ? ಇಲ್ಲ ಅಲ್ವಾ? ಹಾಂ, ಹಾಗಾದರೆ ಇನ್ನೊಂದು ಸಲ ನಗ್ರಿ.

ಮನೆಯೊಳಗೆ ಇಬ್ಬರೂ ನಡುವೆ ಸುಣ್ಣದ ಗೆರೆ ಎಳೆದುಕೊಂಡರು. ಹಿಟ್ಟು, ಒಲೆ ಅವಳ ಕಡೆ ಬಿದ್ದವು. ನೀರಿನ ಕೊಡ ಅವನ ಕಡೆ ಬಿತ್ತು. ಅವಳು ಒಣ ಹಿಟ್ಟು ನೋಡ್ತಾ ಕೂತಳು. ಅವನು ನೀರು ಕುಡೀತಾ ಕೂತ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇವರು ಉಣ್ಣಲೇ ಇಲ್ಲ. ಜಗಳ ಮುಗಿಯೋದು ಹೇಗೆ?

ಹುಣ್ಣಿಮೆ ಹತ್ತಿರ ಬಂತು. ಇಬ್ಬರಿಗೂ ಒಳಗೊಳಗೇ ಭಯ. ಒಂದು ಸಂಜೆ ತುಳಜವ್ವ ಗೆರೆಯ ಹತ್ತಿರ ಬಂದು ಕೂತಳು.

"ಏನ್ರೀ, ಹಡಗು ಬರೂ ಹೊತ್ತಾತು. ಎರಡಕ್ಕೂ ಎಣ್ಣಿ ಹಚ್ಚಿ ದಾರ ಕಟ್ಟೂಣೇನ್ರಿ? ಇಲ್ಲಾಂದ್ರ ನಿಮ್ಮನ್ನೊಂದು ಕಡೆ ಅಟ್ತಾರ, ನನ್ನೊಂದು ಕಡೆ ಅಟ್ತಾರ."

ಯಲಗೂರಪ್ಪನ ಕೈ ದಾರಕ್ಕೆ ಹೋಯಿತು. ಅಷ್ಟರಲ್ಲಿ ಅವಳ ಹೆಗಲ ಮೇಲೆ ಶಾಲು ಕಂಡಿತು. ಆ ದಿನ ಶಾಲು ಅವಳದಾಗಿತ್ತು.

"ಮೊದಲ ಆ ಶಾಲು ತಗದ್ ಒಗಿ," ಅಂದ.

"ಮೊದಲ ನೀವು ಆ ಯಂತ್ರ ಹೊರಗ ಒಗೀರಿ," ಅಂದಳು.

ಯಾರೂ ಒಗೆಯಲಿಲ್ಲ. ಹುಣ್ಣಿಮೆ ಬಂದೇಬಿಟ್ಟಿತು, ಹಡಗೂ ಬಂತು. ಮಂತ್ರಿ, ಸಾಹೇಬ, ಭಟರನ್ನೆಲ್ಲ ಕಟ್ಟಿಕೊಂಡು ರಾಜನೂ ಓಣಿಗೆ ಬಂದ. ಹಡಗಿನ ಸಾಹುಕಾರ ಇಳಿದು ಬಂದು ನೋಡಿದ. ಒಂದು ಸುತ್ತು ಹಾಕಿದ, ಸುಸ್ತಾಗಿ ಕೂತು ಇನ್ನೊಂದು ಸುತ್ತು ಹಾಕಿದ.

"ಜೊತೆ ಎಲ್ಲಿ?" ಅಂತ ಕೇಳಿದ. "ನನಗೆ ಎರಡು ಒಂಟಿ ಮಾತ್ರ ಕಾಣ್ತಿವೆ."

"ನಾನೇ ಹಾಕಿಕೊಂಡು ತೋರಿಸ್ತೀನಿ," ಅಂದ ಅಂಗುಷ್ಠರಾಯ. "ನೋಡಿ ಹೋಗಿ ಪಕ್ಕದ ರಾಜನಿಗೂ ಹೇಳಬೇಕು ನೀನು." ಏಣಿ ಹತ್ತಿದ. ಎಡಗಾಲನ್ನ ಕಿಟಕಿಯಿಂದ ಒಳಗೆ ಹಾಕಿದ. ಬಲಗಾಲನ್ನ ತುಳಸಿಗಿಡದ ಪಕ್ಕ ಊರಿದ. ಹೆಜ್ಜೆ ಎತ್ತಿದ.

"ನಾನು ಮುಂದೆ!" ಅಂದಿತು ಎಡದ್ದು.

"ನಾನು ಮುಂದೆ!" ಅಂದಿತು ಬಲದ್ದು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಎಡದ್ದು ಮೂಡಲಿಗೆ ಹೊರಟಿತು, ಬಲದ್ದು ಪಡುವಲಿಗೆ ಹೊರಟಿತು. ರಾಜ ಎರಡೂ ಕಡೆ ಹೊರಟ. ಧೋತರ ಪರ್ರ್ ಅಂತು. ರಾಜನ ಎರಡು ಕಾಲಿನ ನಡುವೆ ಒಂದು ಎತ್ತಿನ ಬಂಡಿ ಆರಾಮಾಗಿ ದಾಟಿ ಹೋಯಿತು. ಸಾಹುಕಾರ ಹೊಟ್ಟೆ ಹಿಡಿದು ನಕ್ಕು, ಖಾಲಿ ಹಡಗು ಹತ್ತಿ ಹೋದ.

"ಬೇರೆ ಮಾಡಿ ಆ ಇಬ್ಬರನ್ನ!" ಅಂತ ರಾಜ ಮೇಲಿಂದಲೇ ಕಿರುಚಿದ.

ಭಟರು ಬಂದರು. ಯಲಗೂರಪ್ಪನನ್ನ ಮೂಡಲಿಗೆ ನೂಕಿದರು. ತುಳಜವ್ವನನ್ನ ಪಡುವಲಿಗೆ ನೂಕಿದರು. ಯಲಗೂರಪ್ಪ ಸ್ವಲ್ಪ ದೂರ ಹೋಗಿ ತಿರುಗಿ ನೋಡಿದ. ತುಳಜವ್ವ ಅಳ್ತಿದ್ದಳು. ಜೋರಾಗಿ, ಸರಾಗವಾಗಿ, ಓಣಿಯ ನಾಯಿಗಳೂ ಬಾಯಿ ಮುಚ್ಚಿ ಕೇಳುವಂತೆ ಅಳ್ತಿದ್ದಳು. ಅವನಿಗೂ ಅಳು ಬಂದಿತ್ತು, ಆದರೆ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಅವನಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಭಟರ ಕೈ ಕೊಸರಿಕೊಂಡು ಓಡಿ ಬಂದ.

"ನೀ ಯಾಕ ನನಗಿಂತ ಛಲೋ ಅಳ್ತೀ? ಹೆಂಡ್ತಿ ಕಳಕೊಂಡಾಂವ ನಾನು!"

"ನಾ ಗಂಡನ್ನ ಕಳಕೊಂಡಿಲ್ಲೇನ್ರೀ?" ಅಂತ ಅವಳು ಇನ್ನೂ ಜೋರು ಮಾಡಿದಳು.

ಅಳತೆ ಸಾಹೇಬನ ಕೈ ಸುಮ್ಮನಿರ್ತದೆಯೇ? ಟೇಪು ಬಿಚ್ಚಿ ಇಬ್ಬರ ಕೆನ್ನೆಗೂ ಹಿಡಿದ. ಕಣ್ಣೀರಿನ ಉದ್ದ ನೋಡಿದ, ಒಂದೊಂದು ಹನಿ ನೆಕ್ಕಿಯೂ ನೋಡಿದ.

"ಹೆಂಡತಿಯ ಅಳು ಅಂತರರಾಷ್ಟ್ರೀಯ. ಗಂಡನದು ತಾಲ್ಲೂಕು ಮಟ್ಟ."

ತುಳಜವ್ವನಿಗೆ ಶಾಲು ಬಂತು. ಯಲಗೂರಪ್ಪನಿಗೆ ನೆರವು ಕೊಡಬೇಕಾಯ್ತು. ಅಳೋದರಲ್ಲಿ ಹಿಂದಿರುವವನಿಗೆ ಏನು ನೆರವು ಕೊಡೋದು? ಯಂತ್ರ ಕೊಟ್ಟರೆ ಯಂತ್ರ ಅಳೋದಿಲ್ಲ. ಮಾಸ್ತರನನ್ನ ಕೇಳಿದರು, ಅವನಿಗೆ ಅಳಿಸೋಕೆ ಮಾತ್ರ ಬರ್ತದಂತೆ. ಮಂತ್ರಿ ತಲೆ ಕೆರೆದುಕೊಂಡು ಕೊನೆಗೆ ಯಲಗೂರಪ್ಪನನ್ನೇ ಕೇಳಿದ.

"ನಿನಗೆ ಏನು ನೋಡಿದರೆ ಚೆನ್ನಾಗಿ ಅಳು ಬರ್ತದಪ್ಪ?"

"ಇಕಿನ್ನ ನೋಡಿದ್ರ ಬರ್ತೈತ್ರೀ."

"ಒಂದು ಸಲ ನೋಡಿದರೆ ಸಾಕೋ?"

"ಇಲ್ರೀ. ದಿನಾ ನೋಡಬೇಕ್ರೀ," ಅಂದ ಯಲಗೂರಪ್ಪ. ಅವಳ ಕಡೆ ಕೈ ತೋರಿಸಿದ. "ಎದುರಿಗೆ ಕುಂದ್ರಿಸ್ಕೊಂಡು ನೋಡಬೇಕ್ರೀ."

ಮಂತ್ರಿ ಡಂಗುರದವನಿಗೆ ಕೈ ಮಾಡಿದ. ಡಂ ಡಂ ಡಂ. "ಯಲಗೂರಪ್ಪನಿಗೆ ನೆರವು, ಹೆಂಡತಿ ಒಂದು. ಮಂಜೂರು!"

ತುಳಜವ್ವನ ಅಳು ಟಕ್ ಅಂತ ನಿಂತಿತು. ಶಾಲು ಕಿತ್ತು ನೆಲಕ್ಕೆ ಬಡಿದಳು.

"ಅವರಿಗೆ ಹೆಂಡ್ತಿ ಮಂಜೂರಾತು, ನನಗ ಮತ್ತ ಅದ ಅರಿವಿ! ನಾ ಏನ್ ಪಾಪ ಮಾಡೀನಿ? ಅಳತೀ ಮಾಡ್ರಿ ಸಾಹೇಬ್ರ. ನನ್ನ ಕಣ್ಣಾಗ ಈಗ ಒಂದ್ ಹನಿನೂ ಇಲ್ಲ."

ಸಾಹೇಬ ಟೇಪು ಹಿಡಿದ. ಒಣ ಕೆನ್ನೆ. ಗ್ರಾಮ ಮಟ್ಟವೂ ಇಲ್ಲ. ಡಂ ಡಂ ಡಂ. "ತುಳಜವ್ವನಿಗೆ ನೆರವು, ಗಂಡ ಒಂದು. ಮಂಜೂರು!"

ಸರ್ಕಾರ ಮಂಜೂರು ಮಾಡಿದ ಮೇಲೆ ಯಾರು ಬೇರೆ ಮಾಡ್ತಾರೆ? ತುಳಜವ್ವ ನೆಲದ ಶಾಲು ಎತ್ತಿ ಯಲಗೂರಪ್ಪನ ಮೂಗು ಒರೆಸಿದಳು. ಇಬ್ಬರೂ ಬೈದಾಡಿಕೊಳ್ಳುತ್ತ ಮನೆ ಕಡೆ ಹೋದರು. ಹಸಿದಿದ್ದರಲ್ಲ, ಬೇಗ ಬೇಗ ಹೋದರು.

ಅಂಗುಷ್ಠರಾಯ ಮೇಲಿಂದ ನೋಡಿದ. ಒಂದು ಕಾಲು ಮೂಡಲಿಗೆ, ಒಂದು ಕಾಲು ಪಡುವಲಿಗೆ. ಪಕ್ಕದ ರಾಜನ ಇರುವೆಗೆ ಉರಿದ ಹೊಟ್ಟೆ, ಪಕ್ಕದ ರಾಣಿಯ ಹಲ್ಲುನೋವಿಗೆ ಉರಿದ ಹೊಟ್ಟೆ ಅದು, ಆದರೆ ಇವತ್ತು ಉರಿದ ಹಾಗೆ ಯಾವತ್ತೂ ಉರಿದಿರಲಿಲ್ಲ.

"ಸಾಹೇಬಾ! ನನ್ನನ್ನೂ ಅಳತೆ ಮಾಡೋ! ನನಗೂ ಯಾರನ್ನಾದರೂ ಮಂಜೂರು ಮಾಡೋ! ಕೆಳಗೆ ಇಳಿಸೋಕಾದರೂ ಒಬ್ಬರು ಬೇಡವೇನೋ?"

ಸಾಹೇಬ ಏಣಿ ಹತ್ತಿದ. ರಾಜನ ಹೊಟ್ಟೆಗೆ ಟೇಪು ಸುತ್ತಿದ. ಟೇಪು ಸಾಲಲಿಲ್ಲ. ಇನ್ನೊಂದು ಟೇಪು ಗಂಟು ಹಾಕಿ ಸುತ್ತಿದ. ಆಮೇಲೆ ಭಕ್ತಿಯಿಂದ ಕೈ ಮುಗಿದ.

"ಮಹಾಪ್ರಭು, ಹೊಟ್ಟೆಕಿಚ್ಚಿನಲ್ಲಿ ತಾವು ಅಂತರರಾಷ್ಟ್ರೀಯ. ತಮಗೆ ನೆರವಿಲ್ಲ."

ಒಂದು ಶಾಲು ಹೊದಿಸಿದ. ಏಣಿ ಇಳಿದ. ಏಣಿ ತಗೊಂಡು ಊಟಕ್ಕೆ ಮನೆಗೆ ಹೋದ.

ಇದಕ್ಕೆ ನೀತಿ ಬೇಕಾ? ತಗೊಳ್ಳಿ: ಎಲ್ಲದರಲ್ಲೂ ಪಕ್ಕದವರಿಗಿಂತ ಒಂಚೂರು ಹಿಂದೆ ಇರಿ, ಮುಂದಿದ್ದರೆ ಬರೀ ಶಾಲು ಸಿಗ್ತದೆ, ಹಿಂದಿದ್ದರೆ ಮನುಷ್ಯರು ಸಿಗ್ತಾರೆ. ಅವರು ಅಲ್ಲಿ ಜಗಳಾಡಿ ಉಂಡರು, ನಾವು ಇಲ್ಲಿ ಕೇಳಿ ಹಸಿದೆವು.