ದಂಡೆಯ ಮೇಲಿನ ಕೆಟ್ಟ ಮಾತು

“ಅಪ್ಪಾವರೆ, ತನ್ನ ಕಣ್ಣಿಗೇ ಬೀಳದ ತಪ್ಪಿಗೆ ಒಡೆಯ ಯಾಕೆ ಜೈಲಿಗೆ ಹೋಗಬೇಕು?” ಎಂದು ಶಿಷ್ಯ ಅಡಿವೆಪ್ಪ ಗುರುಗಳನ್ನು ಕೇಳಿದ.

ಅಡಿವೆಪ್ಪನ ಮನೆಯವರದು ಅಕ್ಕಿ ಗಿರಣಿ. ಹಿಂದಿನ ವಾರ ಅಲ್ಲಿ ಬಾಯ್ಲರ್ ಸಿಡಿದು ಒಬ್ಬ ಕೆಲಸಗಾರ ಸತ್ತಿದ್ದ. ಗಿರಣಿಯ ಒಡೆಯನೆಂದು ಪೊಲೀಸರು ಅಡಿವೆಪ್ಪನ ಅಣ್ಣನನ್ನು ಕರೆದೊಯ್ದಿದ್ದರು.

“ಸುರಕ್ಷತೆಯ ನಿಯಮಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಗೋಡೆಗೆ ಬರೆಸಿದ್ದೆವು. ಓದಿದ್ದೇವೆ, ಪಾಲಿಸುತ್ತೇವೆ ಎಂದು ಎಲ್ಲರಿಂದಲೂ ಸಹಿ ಮಾಡಿಸಿಕೊಂಡಿದ್ದೆವು. ಇನ್ನೇನು ಮಾಡಬೇಕಿತ್ತು?” ಎಂದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ದೊಡ್ಡ ಹೊಳೆ. ಜನರನ್ನು ದಾಟಿಸಲು ಒಬ್ಬ ಧಣಿ ಅಲ್ಲಿ ಹರಿಗೋಲುಗಳನ್ನು ಇಟ್ಟಿದ್ದ. ಹರಿಗೋಲೆಂದರೆ ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ್ದು, ಅಷ್ಟೇ. ತೊಗಲು ಕೊಳೆತರೆ ಹೊಳೆಯೇ ಒಳಗೆ ಬಂದು ಕೂರುತ್ತದೆ. ಹರಿಗೋಲು ಮುಳುಗಿ ಜನ ಸತ್ತರೆ ಅಂಬಿಗನಿಗೆ ಮಾತ್ರವಲ್ಲ, ಧಣಿಗೂ ಸೆರೆಮನೆ ಎಂದು ಅರಸನ ಕಟ್ಟಳೆಯಿತ್ತು.

ಇವನಿಗಿಂತ ಮೊದಲು ಆ ದಂಡೆಯಲ್ಲಿ ಬೇರೊಬ್ಬ ಧಣಿಯಿದ್ದ. ಅವನೂ ನಿಮ್ಮಂತೆಯೇ ಜಾಣ. ನಿಯಮಗಳನ್ನು ಕಲ್ಲಿನಲ್ಲಿ ಕೆತ್ತಿಸಿ ದಂಡೆಯ ಮೇಲೆ ನಿಲ್ಲಿಸಿದ್ದ. ಪ್ರತಿ ಯುಗಾದಿಗೆ ಅಂಬಿಗರಿಂದ ಹೊಳೆಯ ನೀರು ಮುಟ್ಟಿಸಿ ಆಣೆ ಮಾಡಿಸುತ್ತಿದ್ದ. ಒಂದು ದಿನ ಹರಿಗೋಲು ಮುಳುಗಿತು. ಅವನು ನ್ಯಾಯಾಧಿಕಾರಿಗೆ ಆ ಕಲ್ಲನ್ನು ತೋರಿಸಿದ. ಕಲ್ಲು ದಂಡೆಯಲ್ಲೇ ಉಳಿಯಿತು, ಅವನು ಸೆರೆಮನೆಗೆ ಹೋದ.

ಹೊಸ ಧಣಿ ಬಂದವನೇ ಅಂಬಿಗರನ್ನು ಕೇಳಿದ:

“ತೊಗಲ ಕೆಟ್ಟಿದ್ದು ನಿಮ್ಮೊಳಗ ಒಬ್ಬರಿಗೂ ಗೊತ್ತಿರಲಿಲ್ಲೇನು?”

“ಎಲ್ಲಾರಿಗೂ ಗೊತ್ತಿತ್ರಿ ಧಣೇರ” ಎಂದ ಒಬ್ಬ ಮುದುಕ. “ಆದ್ರ ದಂಡಿ ಮ್ಯಾಲ ನಿಂತು ಮುಳುಗೂ ಮಾತು ಆಡಬಾರದಲ್ರಿ. ಅಪಶಕುನ ಆಗತೈತಿ.”

ಅದು ಅಂಬಿಗರಲ್ಲಿ ಹಿಂದಿನಿಂದ ಬಂದ ನಡೆ. ಆಡಿದವನಿಗೆ ಹಳೆಯ ಧಣಿ ಅಂದಿನ ಕೆಲಸವನ್ನೇ ತಪ್ಪಿಸುತ್ತಿದ್ದನಂತೆ.

ಹೊಸ ಧಣಿ ಮರುದಿನದಿಂದ ಒಂದು ಪದ್ಧತಿ ತಂದ. ಬೆಳಿಗ್ಗೆ ಪ್ರತಿಯೊಬ್ಬ ಅಂಬಿಗನೂ ತನ್ನ ಮುಂದೆ ನಿಂತು, ಎಲ್ಲಿ ಏನು ಕೆಟ್ಟಿದೆ ಎಂಬ ಒಂದು ಕೆಟ್ಟ ಮಾತು ಹೇಳಬೇಕು. ಹೇಳುವ ತನಕ ಅವನ ಹರಿಗೋಲು ನೀರಿಗೆ ಇಳಿಯಕೂಡದು.

ಅಂಬಿಗರಿಗೆ ನಗು ತಡೆಯಲಿಲ್ಲ. ನಮ್ಮ ಧಣಿಗೆ ಬೆಳಗಾದರೆ ಅಪಶಕುನದ್ದೇ ಫಲಾರ ಎಂದು ಆಡಿಕೊಂಡರು. ಒಬ್ಬ ತನ್ನ ಹುಟ್ಟು ಸೀಳಿದೆ ಎಂದ. ಇನ್ನೊಬ್ಬ ಹಗ್ಗ ನಾರುತ್ತಿದೆ ಎಂದ. ಮತ್ತೊಬ್ಬ ಪೋಕರಿ, ಧಣಿಯ ಪೇಟವೇ ಸೊಟ್ಟಗಿದೆ ಎಂದ. ಧಣಿ ಹುಟ್ಟು ಬದಲಿಸಿದ, ಹಗ್ಗ ತೊಳೆಸಿದ, ಪೇಟ ಸರಿ ಮಾಡಿಕೊಂಡ. ಯಾರ ಮೇಲೂ ಸಿಟ್ಟಾಗಲಿಲ್ಲ.

ಒಮ್ಮೆ ಒಬ್ಬ ಅಂಬಿಗ ತನ್ನ ಹರಿಗೋಲಿನ ತೊಗಲು ಕೊಳೆತ ವಾಸನೆ ಬರುತ್ತಿದೆ ಎಂದ. ಹತ್ತಲು ನಿಂತಿದ್ದ ಜನರನ್ನೆಲ್ಲ ಧಣಿ ತಡೆದು ಹರಿಗೋಲನ್ನು ಬೋರಲು ಹಾಕಿಸಿದ. ತೊಗಲು ಗಟ್ಟಿಯಾಗಿತ್ತು. ಬಿದಿರಿನ ಸಂದಿಯಲ್ಲಿ ಸತ್ತ ಮೀನೊಂದು ಸಿಕ್ಕಿಕೊಂಡಿತ್ತು. ಹೊತ್ತು ಹಾಳಾಯಿತೆಂದು ಜನ ಬೈದರು. ಅಂಬಿಗ ನಾಚಿಕೆಯಿಂದ ಕುಗ್ಗಿ ನಿಂತ. ಧಣಿ ಅವನನ್ನು ಮಧ್ಯಾಹ್ನ ತನ್ನ ಪಕ್ಕದಲ್ಲೇ ಊಟಕ್ಕೆ ಕೂರಿಸಿಕೊಂಡ.

“ಸುಳ್ಳಾತಲ್ಲ, ಛಲೋ ಆತು. ಖರೇ ಆಗಿದ್ರ ಎಲ್ಲಾರೂ ಅಳಬೇಕಾಗಿತ್ತು” ಎಂದ.

ಅಂದಿನಿಂದ ಅಂಬಿಗರ ತಮಾಷೆ ಕಡಿಮೆಯಾಯಿತು. ಮನಸ್ಸಿನಲ್ಲಿದ್ದದ್ದನ್ನು ಹೇಳತೊಡಗಿದರು.

ತೊಗಲು ಬದಲಿಸುವ ಉಸ್ತುವಾರಿ ಧಣಿಯ ಅಳಿಯನದು. ಸಂತೆಯ ದಿನ ದಂಡೆಯ ತುಂಬ ಜನ ನಿಂತಿದ್ದಾಗ ಒಬ್ಬ ಅಂಬಿಗ ಧಣಿಯ ಮುಂದೆ ಬಂದು ಕೈಕಟ್ಟಿ ನಿಂತ. ದೊಡ್ಡ ಹರಿಗೋಲಿಗೆ ಹಾಕಿದ ತೊಗಲು ಹೊಸದಲ್ಲ, ಹಳೆಯದಕ್ಕೇ ರಾಳ ಮೆತ್ತಿದ್ದಾರೆ, ಮೆತ್ತಿಸಿದವರು ಅಳಿಯಂದಿರೇ ಎಂದು ಹೇಳಿದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಧಣಿಯ ಮಗಳು ಆಗ ತುಂಬು ಬಸುರಿ. ಅಳಿಯ ಅವಸರದಿಂದ ಮುಂದೆ ಬಂದ.

“ಮಾವಾರ, ಒಬ್ಬ ಅಂಬಿಗನ ಮಾತು ಕೇಳಿ ಮನಿ ಮರ್ಯಾದಿ ಹೊಳಿಗೆ ಹಾಕ್ತೀರೇನು?”

ಧಣಿ ಬಗ್ಗಿ ತೊಗಲನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ಒಳಕ್ಕೆ ಹೋಯಿತು. ಆ ಹರಿಗೋಲು ಹತ್ತಲು ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಕಾಯುತ್ತಿದ್ದರು. ಅವರನ್ನು ನೋಡಿ ಧಣಿಯ ಕಣ್ಣು ತುಂಬಿ ಬಂತು. ಅಳಿಯ ಮುಟ್ಟಿದ ಹರಿಗೋಲುಗಳನ್ನೆಲ್ಲ ಆಗಲೇ ದಂಡೆಗೆ ಎಳೆಸಿದ. ಅಳಿಯನ ಕೈ ಹಿಡಿದುಕೊಂಡು ತಾನೇ ನ್ಯಾಯಾಧಿಕಾರಿಯ ಮುಂದೆ ಹೋಗಿ ನಡೆದದ್ದನ್ನೆಲ್ಲ ಹೇಳಿದ.

ನ್ಯಾಯಾಧಿಕಾರಿಗೆ ಆಶ್ಚರ್ಯವಾಯಿತು. “ಯಾರೂ ಸತ್ತಿಲ್ಲವಲ್ಲ. ನೀನಾಗಿಯೇ ಯಾಕೆ ಬಂದೆ?” ಎಂದು ಕೇಳಿದ.

“ಸತ್ತ ಮ್ಯಾಲ ನೀವಾ ಕರಸ್ತೀರಿ” ಎಂದ ಧಣಿ. “ಅದಕ್ಕ ಮೊದಲ ಬಂದೇನ್ರಿ.”

ಅಳಿಯನಿಗೆ ಶಿಕ್ಷೆಯಾಯಿತು. ಧಣಿಯನ್ನು ಕಾನೂನು ಮುಟ್ಟಲಿಲ್ಲ. ಮಗಳು ಮಾತ್ರ ಬಹಳ ಕಾಲ ತಂದೆಯ ಮುಖ ನೋಡಲಿಲ್ಲ. ಅದನ್ನೂ ಅವನು ನುಂಗಿಕೊಂಡ. ತೊಗಲಿನ ಉಸ್ತುವಾರಿಯನ್ನು ಆ ಅಂಬಿಗನಿಗೇ ವಹಿಸಿದ. ಮರುದಿನ ಬೆಳಿಗ್ಗೆ ಎಂದಿನಂತೆ ದಂಡೆಯ ಮೇಲೆ ನಿಂತು, ಎಲ್ಲಿ, ಕೆಟ್ಟ ಮಾತು ಹೇಳ್ರೆಪಾ ಎಂದು ಕೇಳಿದ.

“ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ” ಎಂದರು ಗುರುಗಳು. “ಈ ಧಣಿಯನ್ನು ನೆನೆದರೆ ಮಾತ್ರ ನನಗೆ ಕೈ ಮುಗಿಯಬೇಕೆನಿಸುತ್ತದೆ.”

ಅಡಿವೆಪ್ಪ ನಿಟ್ಟುಸಿರು ಬಿಟ್ಟ. “ಅಂಥ ಅಂಬಿಗ ಸಿಕ್ಕದ್ದು ಆ ಧಣಿಯ ಪುಣ್ಯ, ಅಪ್ಪಾವರೆ. ಬಾಯ್ಲರ್ ಕೆಟ್ಟಿದೆ ಎಂದು ನಮ್ಮ ಗಿರಣಿಯಲ್ಲಿ ಈ ವರ್ಷ ಒಬ್ಬನೂ ಬಾಯಿ ಬಿಡಲಿಲ್ಲ.”

“ಹೋದ ವರ್ಷ ಬಾಯಿ ಬಿಟ್ಟವನನ್ನು ಏನು ಮಾಡಿದಿರಿ?” ಎಂದು ಗುರುಗಳು ಕೇಳಿದರು.

“ಕೆಲಸದಿಂದ ತೆಗೆದೆವು” ಎಂದು ಅಡಿವೆಪ್ಪ ತಲೆ ತಗ್ಗಿಸಿದ.