ಅರ್ಧ ಗಂಟೆಯ ಉದ್ದ

"ಸರ್, ಬರೀ ಹದಿನೆಂಟು ದಿನ. ಹದಿನೆಂಟು ದಿನದಲ್ಲಿ ನಾನು ಕಲಿಯದೆ ಬಿಟ್ಟದ್ದು ಅಂತ ಏನಿರುತ್ತದೆ?"

ಕೇಳಿದವನು ಲೋಹಿತ ತಾಂಡೇಲ. ಕಾರವಾರದವನು, ಹಡಗಿನಲ್ಲಿ ಮೂರನೆಯ ಎಂಜಿನಿಯರ್. ಕೇಳಿಸಿಕೊಂಡವರು ಕರ್ಕೇರ ಮಾಸ್ತರರು. ಅವರು ಮೂವತ್ತನಾಲ್ಕು ವರ್ಷ ಹಡಗಿನಲ್ಲಿ ದುಡಿದು, ಚೀಫ್ ಎಂಜಿನಿಯರ್ ಆಗಿ ಹೋದ ವರ್ಷ ನಿವೃತ್ತರಾದವರು. ಈಗ ಪಣಂಬೂರಿನ ಒಂದು ಮಹಡಿ ಕೋಣೆಯಲ್ಲಿ ಕಿರಿಯ ಎಂಜಿನಿಯರುಗಳನ್ನು ಮೌಖಿಕ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಲೋಹಿತನ ಕೊನೆಯ ಹಡಗಿನಲ್ಲಿ ಅವರೇ ಚೀಫ್ ಆಗಿದ್ದರು.

ಲೋಹಿತನ ಕೈಯಲ್ಲಿ ಒಂದು ಕಾಗದವಿತ್ತು. ಎಂಜಿನ್ ಕೋಣೆಯಲ್ಲಿ ಇಷ್ಟು ದಿನ ವಾಚ್, ಎಂದರೆ ಪಾಳಿಯ ಕಾವಲು, ಮಾಡಿದ್ದಾನೆ ಎಂದು ಚೀಫ್ ಸಹಿ ಹಾಕಿಕೊಟ್ಟರೆ ಮಾತ್ರ ಸೆಕೆಂಡ್ ಎಂಜಿನಿಯರ್ ಪರೀಕ್ಷೆಗೆ ಕೂರಬಹುದು. ಅವನಿಗೆ ಹದಿನೆಂಟು ದಿನ ಕಡಿಮೆ ಬಿದ್ದಿತ್ತು. ಹಡಗು ರಿಪೇರಿಗೆಂದು ಡಾಕ್‌ನಲ್ಲಿ ನಿಂತಿದ್ದ ದಿನಗಳವು, ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ತುಂಬಿಸಲು ಮತ್ತೆ ಹಡಗು ಹತ್ತಿದರೆ ಆರು ತಿಂಗಳ ಕರಾರು. ಅಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ, ಸೆಕೆಂಡ್ ಕೆಲಸ ಕೊಡುತ್ತೇವೆಂದು ಒಪ್ಪಿದ್ದ ಕಂಪನಿ ಇನ್ನೊಬ್ಬನನ್ನು ತೆಗೆದುಕೊಂಡಿರುತ್ತದೆ. ಹಡಗಿನಿಂದ ಇಳಿದ ದಿನವೇ ಸಂಬಳ ನಿಲ್ಲುವ ಕಸುಬು ಅದು. ಅವನು ಇಳಿದು ಐದು ತಿಂಗಳಾಗಿತ್ತು. ಒಂದು ವಾರದಿಂದ ಊಟವೂ ಸೇರುತ್ತಿರಲಿಲ್ಲ.

"ನಿಮ್ಮದೊಂದು ಸಹಿ ಸರ್. ಅಷ್ಟೇ" ಎಂದ.

ಮಾಸ್ತರರು ಕನ್ನಡಕ ಏರಿಸಿ ಕಾಗದ ಓದಿದರು.

"ಹದಿನೆಂಟು ದಿನದಲ್ಲಿ ಏನಿರುತ್ತದೆ ಅಂದೆಯಲ್ಲ ಮಾರಾಯ, ಪರೀಕ್ಷಕರೂ ಇಷ್ಟು ಕಷ್ಟದ ಪ್ರಶ್ನೆ ಕೇಳುವುದಿಲ್ಲ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಾನು ಕೇಳಿದಾಗ ಮಾತ್ರ ಬಾಯಿ ಬಿಡು."

ಲೋಹಿತ ಕೂತ. ಮಾಸ್ತರರು ಹೇಳತೊಡಗಿದರು.

ಒಂದು ಹಡಗಿನಲ್ಲಿ ಒಬ್ಬ ಚೀಫ್ ಎಂಜಿನಿಯರ್ ಇದ್ದ. ಒಳ್ಳೆಯ ಮನುಷ್ಯ. ಯಾರಾದರೂ ಮುಖ ಸಣ್ಣದು ಮಾಡಿಕೊಂಡು ಎದುರು ನಿಂತರೆ ಕರಗಿಬಿಡುತ್ತಿದ್ದ. ಇಂಥವರಿಂದಲೇ ನೋಡು ತಾಪತ್ರಯವೆಲ್ಲ. ಕೆಟ್ಟವನು ಆಗುವುದಿಲ್ಲ ಅಂತಾನೆ, ಅಲ್ಲಿಗೆ ಮುಗಿಯಿತು.

ಅವನ ಕೈಕೆಳಗೆ ಒಬ್ಬ ಕಿರಿಯ ಎಂಜಿನಿಯರ್. ಚುರುಕು ಆಸಾಮಿ. ತಂದೆಗೆ ಹುಷಾರಿಲ್ಲವೆಂದು ಸುದ್ದಿ ಬಂದು, ಕರಾರು ಮುಗಿಯಲು ಇಪ್ಪತ್ತು ದಿನ ಇರುವಾಗಲೇ ಇಳಿದು ಊರಿಗೆ ಹೋದ. ಅವನು ಹೋದ ಒಂದು ವಾರಕ್ಕೆ ಎಂಜಿನ್‌ನ ಹೊಟ್ಟೆಯೊಳಗೆ ಒಂದು ಬೇರಿಂಗ್ ಕಾಯಿತು. ಎಣ್ಣೆ ಹಬೆಯಾಗಿ ಒಳಗೆಲ್ಲ ತುಂಬಿತು. ಅಲಾರಂ ಹೊಡೆಯಿತು. ಈಗ ಹೇಳು, ಅಲಾರಂ ಹೊಡೆದರೆ ಏನು ಮಾಡುತ್ತೀ?

ಲೋಹಿತ ತಡವರಿಸಲಿಲ್ಲ. "ಎಂಜಿನ್ ನಿಧಾನ ಮಾಡಿ ನಿಲ್ಲಿಸಬೇಕು. ಎಂಜಿನ್ ಬಾಗಿಲು ತೆಗೆಯಬಾರದು. ತೆಗೆದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಹಬೆಗೆ ಬೆಂಕಿ ಹತ್ತಿ ಸಿಡಿಯುತ್ತದೆ. ಕನಿಷ್ಠ ಅರ್ಧ ಗಂಟೆ ತಣ್ಣಗಾಗಲು ಬಿಡಬೇಕು."

"ಶಹಬ್ಬಾಸ್. ಆ ಕಿರಿಯವನೂ ಹೀಗೆಯೇ ಒಪ್ಪಿಸುತ್ತಿದ್ದ" ಎಂದು ಮಾಸ್ತರರು ಕತೆ ಮುಂದುವರಿಸಿದರು.

ಆ ದಿನ ಹಡಗಿನಲ್ಲಿದ್ದವರು ಅರ್ಧ ಗಂಟೆ ಕಾದರು. ಯಾರಿಗೂ ಏನೂ ಆಗಲಿಲ್ಲ. ಎರಡು ತಿಂಗಳಿಗೆ ಕಿರಿಯವನು ಚೀಫ್‌ನ ಮನೆ ಹುಡುಕಿಕೊಂಡು ಬಂದ. ಸರ್, ಇಪ್ಪತ್ತು ದಿನ ಕಡಿಮೆ ಬಿದ್ದಿದೆ ಎಂದ. ಚೀಫ್ ಇಪ್ಪತ್ತು ದಿನ ಸೇರಿಸಿ ಬರೆದ. ಬರೆಯುವುದು ಬರೆಯುತ್ತೇನೆ, ಚೆನ್ನಾಗಿಯೇ ಇರಲಿ ಎಂದುಕೊಂಡು ಇನ್ನೊಂದು ಸಾಲನ್ನೂ ಹಾಕಿದ: ಬೇರಿಂಗ್ ಕಾದ ದಿನ ಇವನು ವಾಚ್‌ನಲ್ಲಿದ್ದು ಧೈರ್ಯದಿಂದ ನಿಭಾಯಿಸಿದ. ಪರೀಕ್ಷಕರು ಆ ಸಾಲನ್ನೇ ಹಿಡಿದು ಪ್ರಶ್ನೆ ಕೇಳಿದರು. ಅವನು ಪಟಪಟ ಉತ್ತರ ಹೇಳಿದ, ಪಾಸಾದ. ಸೆಕೆಂಡ್ ಎಂಜಿನಿಯರ್ ಆದ, ಸಂಬಳ ಎರಡು ಪಟ್ಟಾಯಿತು, ತಂದೆಗೆ ಒಳ್ಳೆಯ ಆಸ್ಪತ್ರೆಯಾಯಿತು. ಎಲ್ಲರಿಗೂ ಸಂತೋಷ. ಚೀಫ್‌ಗೂ ಸಂತೋಷ, ಯಾಕೆ ಸುಳ್ಳು ಹೇಳಲಿ?

ಆರು ವರ್ಷ ಕಳೆಯಿತು. ಚೀಫ್ ಇನ್ನೊಂದು ಹಡಗಿನಲ್ಲಿದ್ದ. ಅಲ್ಲಿಗೆ ಸೆಕೆಂಡ್ ಆಗಿ ಬಂದವನು ಅದೇ ಮನುಷ್ಯ. ಇಬ್ಬರೂ ತಬ್ಬಿಕೊಂಡರು. ಅವನ ಕೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ. ಮೈಗಳ್ಳನಲ್ಲ, ಕುಡುಕನಲ್ಲ. ಇವನು ಕೆಳಗಿದ್ದರೆ ನಾನು ನಿಶ್ಚಿಂತೆ ಎಂದು ಚೀಫ್ ಎಲ್ಲರೆದುರು ಹೇಳುತ್ತಿದ್ದ.

ಒಂದು ಮಧ್ಯಾಹ್ನ ಚೀಫ್ ಉಂಡು ಮಲಗಿದ್ದ. ಅಲಾರಂ ಹೊಡೆಯಿತು. ಚಪ್ಪಲಿಯಲ್ಲೇ ಕೆಳಗೆ ಓಡಿದ. ಎಂಜಿನ್‌ನೊಳಗೆ ಮತ್ತೆ ಎಣ್ಣೆಯ ಹಬೆ. ಸೆಕೆಂಡ್ ಆಗಲೇ ಎಂಜಿನ್ ನಿಲ್ಲಿಸಿದ್ದ. ಸರಿಯಾಗಿಯೇ ಮಾಡಿದ್ದ. ಆದರೆ ಆ ದಿನ ಗಾಳಿ ಜೋರಾಗಿತ್ತು. ಬಲಗಡೆ ಎರಡು ಮೈಲಿಯಲ್ಲಿ ಬಂಡೆಗಳು. ಎಂಜಿನ್ ಇಲ್ಲದ ಹಡಗು ಬಂಡೆಗಳ ಕಡೆಗೇ ಜಾರತೊಡಗಿತು. ಕ್ಯಾಪ್ಟನ್ ಮೇಲಿಂದ ಫೋನಿನಲ್ಲಿ ಕೂಗುತ್ತಿದ್ದ. ಅರ್ಧ ಗಂಟೆಯೇ? ನಿಮಗೆ ತಲೆ ಕೆಟ್ಟಿದೆಯೇ? ಮೇಲೆ ಬಂದು ನಿಮ್ಮ ಕಣ್ಣಾರೆ ನೋಡಿ!

ಚೀಫ್ ಸೆಕೆಂಡ್‌ನ ಹೆಗಲ ಮೇಲೆ ಕೈ ಇಟ್ಟ. "ನೀನು ಇದನ್ನು ಒಮ್ಮೆ ಕಂಡವನು. ನೋಡಿಕೋ, ಈಗ ಬಂದೆ" ಎಂದು ಹೇಳಿ ಮೇಲೆ ಹತ್ತಿದ.

ಅಯ್ಯೋ, ಆರು ವರ್ಷದ ಹಿಂದೆ ತಾನೇ ಬರೆದ ಸುಳ್ಳನ್ನು ಆ ಪುಣ್ಯಾತ್ಮ ತಾನೇ ನಂಬಿಬಿಟ್ಟಿದ್ದ.

ಮೇಲೆ ಕ್ಯಾಪ್ಟನ್‌ಗೆ ಸಮಾಧಾನ ಹೇಳಿದ. ಹೆದರಬೇಡಿ, ಕೆಳಗಿರುವವನಿಗೆ ಇದರ ಅನುಭವ ಇದೆ ಎಂದ. ಯಾವ ಹಡಗಿನಲ್ಲಿ ಎಂದು ಕ್ಯಾಪ್ಟನ್ ಕೇಳಿದ. ಚೀಫ್ ಹಡಗಿನ ಹೆಸರು ಹೇಳಿದ. ಹೇಳುವಾಗ ಆ ದಿನ ಯಾರು ಯಾರು ಎಲ್ಲೆಲ್ಲಿ ನಿಂತಿದ್ದರು ಎಂಬುದು ಕಣ್ಣಮುಂದೆ ಬಂತು. ಅವರಲ್ಲಿ ಇವನಿರಲಿಲ್ಲ. ಇವನು ಊರಲ್ಲಿ, ತಂದೆಯ ಹಾಸಿಗೆಯ ಪಕ್ಕ ಇದ್ದ.

ಚೀಫ್ ಅಲ್ಲಿಂದಲೇ ಕೆಳಗೆ ಫೋನ್ ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಓಡಿದ. ಒಂಬತ್ತು ಮಹಡಿ ಮೆಟ್ಟಿಲು. ಐವತ್ತಾರು ವರ್ಷ ವಯಸ್ಸು. ಒಂದು ಚಪ್ಪಲಿ ಎಲ್ಲೋ ಬಿತ್ತು. ದೇವರೇ, ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಎಂದು ಬಾಯಲ್ಲಿ ಹೇಳುತ್ತಲೇ ಇಳಿದ. ಪ್ರತಿ ಮಹಡಿಯಲ್ಲೂ ಈಗ ಸಿಡಿಯಿತು, ಈಗ ಸಿಡಿಯಿತು ಎಂದೇ ಕಿವಿ ಕಾಯುತ್ತಿತ್ತು. ಅಷ್ಟು ಉದ್ದದ ಮೆಟ್ಟಿಲನ್ನು ಅವನು ಜನ್ಮದಲ್ಲಿ ಇಳಿದಿರಲಿಲ್ಲ.

ಕೆಳಗೆ ಬಂದು ನೋಡಿದರೆ ಸೆಕೆಂಡ್, ಎಂಜಿನ್ ಬಾಗಿಲ ಮುಂದೆ ಮಂಡಿಯೂರಿದ್ದ. ಅವನ ಹಿಂದೆಯೇ ಇಬ್ಬರು ಕೆಲಸಗಾರರು ಟಾರ್ಚ್ ಹಿಡಿದು ನಿಂತಿದ್ದರು. ಬಾಗಿಲಿಗೆ ಎಂಟು ನಟ್. ಆರು ನೆಲದ ಮೇಲಿದ್ದವು. ಏಳನೆಯದಕ್ಕೆ ಸ್ಪ್ಯಾನರ್ ಹಾಕಿದ್ದ. ಅಲಾರಂ ಹೊಡೆದು ಹನ್ನೊಂದು ನಿಮಿಷವಾಗಿತ್ತು.

ಚೀಫ್‌ಗೆ ಕೂಗಲು ಉಸಿರಿರಲಿಲ್ಲ. ಸೀದಾ ಹೋಗಿ ಅವನ ಕೈ ಹಿಡಿದ. ಆರು ನಟ್‌ಗಳನ್ನೂ ತನ್ನ ಕೈಯಿಂದಲೇ ಮತ್ತೆ ಬಿಗಿ ಮಾಡಿದ. ಎಲ್ಲರನ್ನೂ ದೂರ ಕಳಿಸಿದ. ಆಮೇಲೆ ಇಬ್ಬರೂ ಕಂಟ್ರೋಲ್ ರೂಮಿನಲ್ಲಿ ಗಡಿಯಾರ ನೋಡುತ್ತ ಕೂತರು. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಕೆಳಗಿನವರಿಗೆ ಬಂಡೆ ಕಾಣುವುದಿಲ್ಲ, ಅದಿನ್ನೂ ಕಷ್ಟ. ಹತ್ತೊಂಬತ್ತು ನಿಮಿಷ ಹಾಗೆ ಕೂತರು. ಅಷ್ಟರಲ್ಲಿ ಕ್ಯಾಪ್ಟನ್ ಲಂಗರು ಇಳಿಸಿದ್ದ. ಅದು ಮೊದಲು ಜಾರಿತು, ಆಮೇಲೆ ಕಚ್ಚಿಕೊಂಡಿತು. ಅರ್ಧ ಗಂಟೆ ತುಂಬಿದ ಮೇಲೆ ಬಾಗಿಲು ತೆಗೆದರು. ಒಳಗೆ ಬೇರಿಂಗ್ ಕಪ್ಪಾಗಿ ಹೋಗಿತ್ತು. ಮೊದಲೇ ತೆಗೆದಿದ್ದರೆ ಮೂವರ ಮನೆಗೂ ಪೆಟ್ಟಿಗೆ ಹೋಗುತ್ತಿತ್ತು.

ಆಗ ಚೀಫ್ ಕೇಳಿದ. "ಬಾಗಿಲು ತೆಗೆಯಬಾರದು ಅಂತ ನಿನಗೆ ಗೊತ್ತಿರಲಿಲ್ಲವೇ?"

ಸೆಕೆಂಡ್ ಅಳುತ್ತಿದ್ದ. "ಗೊತ್ತಿತ್ತು ಸರ್. ಅರ್ಧ ಗಂಟೆ ಅನ್ನುವುದೂ ಗೊತ್ತಿತ್ತು. ಕ್ಯಾಪ್ಟನ್ ಕೂಗುತ್ತಿದ್ದರು. ಯಾವ ಬೇರಿಂಗ್ ಅಂತ ನೋಡಿದರೆ ಬೇಗ ರಿಪೇರಿ ಮಾಡಬಹುದು ಅನ್ನಿಸಿತು. ಅರ್ಧ ಗಂಟೆ ಇಷ್ಟು ಉದ್ದ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ" ಎಂದ.

ಮಾಸ್ತರರು ನಿಲ್ಲಿಸಿದರು. ಮುಂದಿದ್ದ ಚಹಾದಲ್ಲಿ ಕೆನೆ ಕಟ್ಟಿತ್ತು. ಅದನ್ನು ಬೆರಳಿಂದ ತೆಗೆದು ಹಾಕಿ ಒಂದು ಗುಟುಕು ಕುಡಿದರು. ಮುಖ ಸಿಂಡರಿಸಿಕೊಂಡರು.

ಲೋಹಿತ ತನ್ನ ಕಾಗದವನ್ನು ನೋಡಿದ. ಮತ್ತೆ ಹಡಗು ಹತ್ತುವ ಆರು ತಿಂಗಳು ಅವನ ಕಣ್ಣಮುಂದೆಯೇ ಇತ್ತು.

"ಆದರೆ ಸರ್, ಆ ಚೀಫ್ ಸಮಯಕ್ಕೆ ಬಂದರಲ್ಲ. ಯಾರಿಗೂ ಏನೂ ಆಗಲಿಲ್ಲವಲ್ಲ" ಎಂದ.

"ಆಗಲಿಲ್ಲ. ಆ ಸೆಕೆಂಡ್ ಹಡಗು ಇಳಿದು ಹೋಗುವವರೆಗೆ ಅವನ ವಾಚ್‌ನಲ್ಲಿ ಚೀಫ್ ಪಕ್ಕದಲ್ಲೇ ನಿಂತಿದ್ದ, ಮಲಗಲಿಲ್ಲ. ಆಮೇಲೆ ಯಾರು ಕಾಲು ಹಿಡಿದರೂ ಇಲ್ಲದ ದಿನಕ್ಕೆ ಸಹಿ ಹಾಕಲಿಲ್ಲ."

"ಹಾಗಾದರೆ ಅಲ್ಲಿಗೆ ಎಲ್ಲ ಸರಿಹೋಯಿತಲ್ಲ ಸರ್?"

ಮಾಸ್ತರರು ಸಹಿಯಿಲ್ಲದ ಕಾಗದವನ್ನು ಅವನ ಕಡೆಗೆ ಸರಿಸಿದರು.

"ಅದಕ್ಕೂ ಮೊದಲು ನಾನು ಇಂಥ ಸಹಿ ಹಾಕಿಕೊಟ್ಟವರು ಇನ್ನೂ ನಾಲ್ವರಿದ್ದಾರೆ ಲೋಹಿತ, ಮುಂದಿನ ಹಡಗಿನಲ್ಲಿ ನೀನು ಉಂಡು ಮಲಗಿದಾಗ ಕೆಳಗೆ ವಾಚ್‌ನಲ್ಲಿರುವವನು ಅವರಲ್ಲೊಬ್ಬನಲ್ಲ ಅಂತ ನಾನು ಹೇಗೆ ಹೇಳಲಿ?"