ಅವ್ವನ ಸೀರೆ ತಂತಿಗೆ ಸಿಕ್ಕಿತು

ಹತ್ತಿರ ಸರಿದು ಕೂತ್ಕೊಳ್ಳಿ ಮಕ್ಕಳೇ. ಇದು ಜೋರಾಗಿ ಹೇಳೋ ಕಥೆ ಅಲ್ಲ. ಮೆಲ್ಲಗೆ ಹೇಳೋ ಕಥೆ.

ರೈಲು ಹಳಿಯ ಆಚೆ ಒಂದು ಓಣಿ. ಓಣಿ ತುಂಬ ತಗಡಿನ ಮನೆಗಳು. ಮನೆಗಳ ನಡುವೆ ಒಂದು ಶಾಲೆ. ಶಾಲೆ ಅಂದರೆ ಒಂದೇ ಕೋಣೆ. ಅವ್ವಂದಿರು ಕೆಲಸಕ್ಕೆ ಹೋಗುವಾಗ ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ದೊಡ್ಡ ಮಕ್ಕಳು ಅ ಆ ಬರೆಯುತ್ತಿದ್ದವು. ಸಣ್ಣ ಮಕ್ಕಳು ಆಡುತ್ತಿದ್ದವು. ಕೂಸುಗಳು ಮಲಗುತ್ತಿದ್ದವು. ಎಲ್ಲರನ್ನೂ ನೋಡಿಕೊಳ್ಳುವವರು ಮಾಬೂಬಿ ಅಕ್ಕೋರು. ಅವರೊಬ್ಬರೇ.

ಆ ಶಾಲೆಗೆ ಸಾವಂತ್ರಿ ಬರುತ್ತಿದ್ದಳು. ಆರು ವರ್ಷದ ಹುಡುಗಿ. ಅವಳ ಸೊಂಟದ ಮೇಲೆ ತಮ್ಮ ಫಕೀರ.

ಅವರಿಗೆ ಅವ್ವ ಇರಲಿಲ್ಲ. ದೀಪಾವಳಿಗೆ ಮುಂಚೆ ಅವ್ವನಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದಳು. ತಿರುಗಿ ಬರಲಿಲ್ಲ. ಅವ್ವನದು ಒಂದು ಹಸಿರು ಸೀರೆ ಉಳಿಯಿತು.

ಅಕ್ಕೋರು ಆ ಸೀರೆಯನ್ನು ಶಾಲೆಯ ತೊಲೆಗೆ ಕಟ್ಟಿದರು. ಜೋಲಿ ಆಯಿತು. ಫಕೀರ ಅದರೊಳಗೆ ಮಲಗುತ್ತಿದ್ದ. ಸೆರಗನ್ನು ಮೂಗಿಗೆ ಒತ್ತಿಕೊಂಡು ಮಲಗುತ್ತಿದ್ದ. ಬೇರೆ ಜೋಲಿಯಲ್ಲಿ ಹಾಕಿದರೆ ಕಣ್ಣೇ ಮುಚ್ಚುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಅಕ್ಕೋರು ಸೀರೆ ಬಿಚ್ಚಿ ಬಿಸಿಲಿಗೆ ಹಾಕಿದರು. ಭರ್ ಅಂತ ಗಾಳಿ ಬಂತು. ಸೀರೆ ಹಾರಿತು. ತಗಡಿನ ಮೇಲೆ ಹಾರಿತು. ಗಟಾರದ ಮೇಲೆ ಹಾರಿತು. ಹತ್ತಿ ಗೋದಾಮಿನ ಎತ್ತರದ ಗೋಡೆಗೆ ಹೋಯಿತು. ಗೋಡೆ ಮೇಲೆ ಮುಳ್ಳುತಂತಿ. ತಂತಿಗೆ ಸಿಕ್ಕಿಕೊಂಡಿತು.

ಫಕೀರನಿಗೆ ನಿದ್ದೆ ಹೊತ್ತಾಯಿತು. ಅವನು ಅತ್ತ. ಅಕ್ಕೋರು ಹೆಗಲಿಗೆ ಹಾಕಿ ತಟ್ಟಿದರು. ಅತ್ತ. ಹಾಡು ಹೇಳಿದರು. ಅತ್ತ. ಬೇರೆ ಜೋಲಿ ಕಟ್ಟಿದರು. ಇನ್ನೂ ಜೋರಾಗಿ ಅತ್ತ.

"ನಾ ತರ್ತೀನ್ರಿ ಅಕ್ಕೋರ," ಅಂದಳು ಸಾವಂತ್ರಿ.

ಹೋದಳು, ಹೋದಳು. ಗೋದಾಮಿನ ಗೇಟಿಗೆ ಹೋದಳು. ಅಲ್ಲಿ ಕಾವಲುಗಾರ ರಾಚಯ್ಯಜ್ಜ ಕೂತಿದ್ದ.

"ಅಜ್ಜಾ, ಅಜ್ಜಾ, ಸೀರಿ ತಗದು ಕೊಡು. ಸೀರಿ ಬಂದ್ರ ಜೋಲಿ. ಜೋಲಿ ಕಟ್ಟಿದ್ರ ತಮ್ಮಗ ನಿದ್ದಿ."

ಅಜ್ಜ ಮೇಲೆ ನೋಡಿದ.

"ಏಣಿ ಹತ್ತಬೇಕವ್ವ. ಬೆಳಿಗ್ಗಿಂದ ಹೊಟ್ಟ್ಯಾಗ ಏನೂ ಇಲ್ಲ. ಕಾಲು ನಡಗತಾವ. ನಾ ಹತ್ತಲಾರೆ. ಒಂದು ಗುಟುಕು ಚಾ ತಾ, ಹತ್ತತೀನಿ."

ಹೋದಳು, ಹೋದಳು. ಚಹಾ ಮಾಡುವ ನೀಲವ್ವ ದೊಡ್ಡವ್ವನ ಹತ್ತಿರ ಹೋದಳು.

"ದೊಡ್ಡವ್ವಾ, ದೊಡ್ಡವ್ವಾ, ಚಾ ಕೊಡು. ಚಾ ಅಜ್ಜಗ. ಅಜ್ಜ ಸೀರಿ ತಗೀತಾನ. ಸೀರಿ ಬಂದ್ರ ಜೋಲಿ. ಜೋಲಿ ಕಟ್ಟಿದ್ರ ತಮ್ಮಗ ನಿದ್ದಿ."

ದೊಡ್ಡವ್ವನ ಒಲೆ ತಣ್ಣಗಿತ್ತು.

"ಹೆಂಗ ಕಾಸ್ಲಿ ಮಗಳ? ಮನ್ಯಾಗ ಹನಿ ನೀರಿಲ್ಲ. ನಾ ಕಾಸಲಾರೆ. ಕೊಡ ನೀರು ತಾ, ಕಾಸತೀನಿ."

ಹೋದಳು, ಹೋದಳು. ನಳದ ಹತ್ತಿರ ಹೋದಳು. ಅಲ್ಲಿ ಖಾಲಿ ಕೊಡಗಳ ಸಾಲು. ಸಾಲಿನ ಮುಂದೆ ಕಾಶವ್ವ ಚಿಗವ್ವ.

"ಚಿಗವ್ವಾ, ಚಿಗವ್ವಾ, ನೀರು ಕೊಡು. ನೀರು ದೊಡ್ಡವ್ವಗ. ದೊಡ್ಡವ್ವ ಚಾ ಕಾಸತಾಳ. ಚಾ ಅಜ್ಜಗ. ಅಜ್ಜ ಸೀರಿ ತಗೀತಾನ. ಸೀರಿ ಬಂದ್ರ ಜೋಲಿ. ಜೋಲಿ ಕಟ್ಟಿದ್ರ ತಮ್ಮಗ ನಿದ್ದಿ."

ಚಿಗವ್ವ ಕೊಡ ಬೋರಲು ಹಾಕಿ ತೋರಿಸಿದಳು. ಒಂದು ಸತ್ತ ಇರುವೆ ಬಿತ್ತು. ಅಷ್ಟೇ.

"ಎಂಟು ದಿನ ಆತವ್ವ, ನಳ ಬಂದಿಲ್ಲ. ನಾ ಎಲ್ಲಿಂದ ಕೊಡ್ಲಿ? ನೀರು ಬಿಡೋ ಮಲ್ಲೇಶಿನ್ನ ಕೇಳು. ನಳ ಬಂದ್ರ ನಿನಗ ಮೊದಲನೇ ಕೊಡ."

ಹೋದಳು, ಹೋದಳು. ಓಣಿಯ ತುದಿಗೆ ಹೋದಳು. ಅಲ್ಲಿ ನೆಲದಲ್ಲಿ ಒಂದು ಗುಂಡಿ. ಗುಂಡಿಯೊಳಗೆ ನೀರಿನ ಪೈಪು. ಪೈಪಿನ ತಿರುಪು ತಿರುಗಿಸಿ ನೀರು ಬಿಡಲು ಉದ್ದನೆಯ ಕಬ್ಬಿಣದ ಚಾವಿ. ಚಾವಿ ಗೋಡೆಗೆ ಒರಗಿತ್ತು. ಮಲ್ಲೇಶಿ ಕಾಕಾ ಗುಂಡಿಯ ಪಕ್ಕ ಕೂತಿದ್ದ.

"ಕಾಕಾ, ಕಾಕಾ, ನೀರು ಬಿಡ್ರಿ. ನಳ ಬಂದ್ರ ಚಿಗವ್ವ ಕೊಡ ತುಂಬತಾಳ. ನೀರು ದೊಡ್ಡವ್ವಗ. ದೊಡ್ಡವ್ವ ಚಾ ಕಾಸತಾಳ. ಚಾ ಅಜ್ಜಗ. ಅಜ್ಜ ಸೀರಿ ತಗೀತಾನ. ಸೀರಿ ಬಂದ್ರ ಜೋಲಿ. ಜೋಲಿ ಕಟ್ಟಿದ್ರ ತಮ್ಮಗ ನಿದ್ದಿ."

ಕಾಕಾ ತಲೆ ಎತ್ತಲಿಲ್ಲ. ಅವನ ಎದೆಗೆ ಒಂದು ಹೆಣ್ಣುಕೂಸು ಅಂಟಿಕೊಂಡಿತ್ತು. ಅದರ ಹೆಸರು ಕಸ್ತೂರಿ.

"ಚಾವಿ ತಿರುವಾಕ ಎರಡೂ ಕೈ ಬೇಕು. ಇಕೀನ ಕೆಳಗ ಬಿಟ್ರ ಗುಂಡಿಗೆ ಬೀಳತಾಳ. ನಾ ನೀರು ಬಿಡಲಾರೆ. ಇಕೀ ಅವ್ವ ಎಂಟು ದಿನದಿಂದ ಆಸ್ಪತ್ರ್ಯಾಗ ಅದಾಳ."

ಆಸ್ಪತ್ರೆ ಅಂದದ್ದು ಕೇಳಿ ಸಾವಂತ್ರಿ ಕೂಸಿನ ಮುಖ ನೋಡಿದಳು. ಆಮೇಲೆ ಎರಡೂ ಕೈ ಚಾಚಿದಳು.

"ಕೂಸನ್ನ ಕೊಡ್ರಿ. ನಮ್ಮ ಸಾಲಿಗೆ, ಅಕ್ಕೋರ ಹತ್ರ ಒಯ್ತೀನಿ."

ಕೂಸನ್ನು ಸೊಂಟದ ಮೇಲೆ ಏರಿಸಿದಳು. ಹೋದಳು, ಹೋದಳು. ಕಾಕಾ ಹಿಂದೆ ಹಿಂದೆ ಬಂದ. ಶಾಲೆಯ ಬಾಗಿಲಲ್ಲಿ ನಿಂತ.

"ಅಕ್ಕೋರ, ಅಕ್ಕೋರ, ಕೂಸನ್ನ ಹಿಡ್ಕೋರಿ. ಕೂಸು ಕುಂತ್ರ ಕಾಕಾ ನೀರು ಬಿಡತಾನ. ನಳ ಬಂದ್ರ ಚಿಗವ್ವ ಕೊಡ ತುಂಬತಾಳ. ನೀರು ದೊಡ್ಡವ್ವಗ. ದೊಡ್ಡವ್ವ ಚಾ ಕಾಸತಾಳ. ಚಾ ಅಜ್ಜಗ. ಅಜ್ಜ ಸೀರಿ ತಗೀತಾನ. ಸೀರಿ ಬಂದ್ರ ಜೋಲಿ. ಜೋಲಿ ಕಟ್ಟಿದ್ರ ತಮ್ಮಗ ನಿದ್ದಿ."

ಅಕ್ಕೋರ ಹೆಗಲ ಮೇಲೆ ಫಕೀರ. ಅವನು ಇನ್ನೂ ಅಳುತ್ತಿದ್ದ. ಇನ್ನೊಂದು ಕೂಸು ಅವರ ಕಂಕುಳಲ್ಲಿ. ಮತ್ತೊಂದು ಕೂಸು ಅವರ ಸೆರಗು ಹಿಡಿದು ನಿಂತಿತ್ತು.

"ಹೆಂಗ ಹಿಡೀಲಿ ಸಾವಂತ್ರಿ? ನನಗ ಇರೋವು ಎರಡ ಕೈ. ಕೋಣ್ಯಾಗ ಕಾಲಿಡಾಕ ಜಾಗ ಇಲ್ಲ. ಇನ್ನೊಂದು ಕೂಸನ್ನ ಎಲ್ಲಿ ಇಡ್ಲಿ?"

ಅಕ್ಕೋರು ಹಾಗೆ ಎಂದೂ ಅಂದವರಲ್ಲ. ಬಾಗಿಲಲ್ಲಿದ್ದ ಕಾಕಾ ನೆಲ ನೋಡಿದ. ಇನ್ನು ಕೇಳಲು ಸಾವಂತ್ರಿಗೆ ಯಾರೂ ಉಳಿದಿರಲಿಲ್ಲ.

ಆಗ ಗೋಡೆ ಪಕ್ಕದಲ್ಲಿದ್ದ ಹುಲಿಗೆವ್ವ ಅ ಆ ಬರೆಯುತ್ತಿದ್ದ ಪಾಟಿಯನ್ನು ಎದೆಗೆ ಅಪ್ಪಿಕೊಂಡಳು. ಒಂಚೂರು ಸರಿದಳು.

"ಇಲ್ಲೈತ್ರಿ ಅಕ್ಕೋರ ಜಾಗ," ಅಂದಳು.

ಹುಲಿಗೆವ್ವ ಸರಿದಳು ಅಂತ ರಜಾಕ ಸರಿದ. ರಜಾಕ ಸರಿದ ಅಂತ ಶಿವಲೀಲಾ ಸರಿದಳು. ಶಿವಲೀಲಾ ಸರಿದಳು ಅಂತ ಎಲ್ಲರೂ ಸರಿದರು. ಸರಿ ಸರಿ, ಸರಿ ಸರಿ. ನಡುವೆ ಒಂದು ಕೂಸು ಕೂರುವಷ್ಟು ಜಾಗ ಆಯಿತು.

"ನಾವು ಹಿಡ್ಕೋತೀವ್ರಿ," ಅಂದರು ಮಕ್ಕಳು.

ಸಾವಂತ್ರಿ ಕಸ್ತೂರಿಯನ್ನು ಅಲ್ಲಿ ಕೂರಿಸಿದಳು. ಹುಲಿಗೆವ್ವ ಖಾಲಿ ಡಬ್ಬಿ ಕೊಟ್ಟಳು. ಕಸ್ತೂರಿ ಡಬ್ಬಿ ಬಡಿದಳು. ಟಣ್ ಟಣ್.

ಕೂಸು ಕುಂತಿತು, ಕಾಕಾ ನೀರು ಬಿಟ್ಟ.
ನೀರು ಬಿಟ್ಟ, ನಳ ಬಂತು.
ನಳ ಬಂತು, ಚಿಗವ್ವ ಕೊಡ ತುಂಬಿದಳು. ಮೊದಲನೇ ಕೊಡ ಸಾವಂತ್ರಿಗೇ ಅಂದಳು. ತಾನೇ ಹೊತ್ತು ದೊಡ್ಡವ್ವಗೆ ಕೊಟ್ಟಳು.
ನೀರು ಬಂತು, ದೊಡ್ಡವ್ವ ಚಾ ಕಾಸಿದಳು.
ಚಾ ಬಂತು, ಅಜ್ಜ ಕುಡಿದ.
ಚಾ ಕುಡಿದ, ಏಣಿ ಹತ್ತಿದ.

ಒಂದೊಂದೇ ಮುಳ್ಳು ಬಿಡಿಸಿದ. ಅವಸರ ಮಾಡಲಿಲ್ಲ. ಆದರೂ ಸೀರೆ ಒಂದು ಕಡೆ ಹರಿದಿತ್ತು.

"ಹರದೈತವ್ವ," ಅಂದ ಅಜ್ಜ.

"ಇರ್ಲಿ ಅಜ್ಜಾ," ಅಂದಳು ಸಾವಂತ್ರಿ. ಸೀರೆಯನ್ನು ಎದೆಗೆ ಒತ್ತಿಕೊಂಡು ಓಡಿದಳು.

ಸೀರೆಗೆ ಧೂಳು ಹತ್ತಿತ್ತು. ಅಕ್ಕೋರು ಬಕೆಟ್ ಎಳೆದರು.

"ಒಗೀಬ್ಯಾಡ್ರಿ ಅಕ್ಕೋರ! ಅವ್ವನ ವಾಸನಿ ಹೋಗತೈತಿ."

ಅಕ್ಕೋರು ಬಕೆಟ್ ಆಚೆ ಇಟ್ಟರು. ಸೀರೆಯನ್ನು ಮೆಲ್ಲಗೆ ಕೊಡವಿದರು. ಹರಿದ ಕಡೆ ಗಂಟು ಹಾಕಿದರು.

ಸೀರೆ ಬಂತು, ಜೋಲಿ ಆಯಿತು.
ಜೋಲಿ ಆಯಿತು, ಫಕೀರ ಒಳಗೆ ಮಲಗಿದ. ಸೆರಗನ್ನು ಮೂಗಿಗೆ ಒತ್ತಿಕೊಂಡ. ಎರಡು ಸಲ ಬಿಕ್ಕಿದ. ಕಣ್ಣು ಮುಚ್ಚಿದ.

ಶಾಲೆ ತಣ್ಣಗಾಯಿತು.

ಸಾವಂತ್ರಿ ಗೋಡೆಗೆ ಒರಗಿ ಕೂತಳು. ಅವಳ ಕಣ್ಣಿಂದ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ತಡೆಯಲಿಲ್ಲ.

ಹುಲಿಗೆವ್ವ ಗಾಬರಿಯಾದಳು.

"ಅಕ್ಕೋರ, ಸೀರಿ ಬಂತಲ್ರಿ. ತಮ್ಮ ಮಲಗಿದನಲ್ರಿ. ಮತ್ತ ಸಾವಂತ್ರಿ ಯಾಕ ಅಳತಾಳ್ರಿ?"

ಅಕ್ಕೋರು ಬಂದು ಪಕ್ಕದಲ್ಲಿ ಕೂತರು. ಸಾವಂತ್ರಿಯನ್ನು ತೊಡೆಯ ಮೇಲೆ ಎಳೆದುಕೊಂಡರು.

"ಇಷ್ಟೊತ್ತು ಅಳೋ ಪಾಳಿ ತಮ್ಮಂದು ಇತ್ತವ್ವ," ಅಂದರು. "ಈಗ ಅಕೀ ಪಾಳಿ."

ಸಾವಂತ್ರಿ ಅತ್ತಳು. ತುಂಬ ಹೊತ್ತು ಅತ್ತಳು. ಸುಮ್ಮನಿರು ಅಂತ ಯಾರೂ ಅನ್ನಲಿಲ್ಲ.